ಹೊಸ ಮನೆಗೆ ಸ್ಲೈಡಿಂಗ್ ಕಿಟಕಿ ಹಾಕಿಸುತ್ತಿದ್ದೀರಾ? ಒಬ್ಬ ಹೃದಯ ವೈದ್ಯನ ಮಾತೂ ಕೇಳಿ



ಹೋದ ವಾರ ಓದುಗರೊಬ್ಬರು ಒಂದು ಫಾರ್ವರ್ಡ್ ಮೆಸೇಜನ್ನು ನನಗೆ ಕಳಿಸಿದ್ದರು. ಜೊತೆಗೆ ಒಂದು ಪ್ರಶ್ನೆ: “ಡಾಕ್ಟ್ರೇ, ನಮ್ಮ ಬಿಲ್ಡಿಂಗು ರಿಡೆವಲಪ್‌ಮೆಂಟ್ ಆಗಿ ಹೊಸ ಫ್ಲಾಟಿನ ಕೀ ಸಿಕ್ಕಿದೆ. ಬಾಲ್ಕನಿಗೆ, ಬೆಡ್‌ರೂಮಿಗೆ ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಬೇಕು ಅಂತಿದ್ದೇವೆ. ಅಲ್ಯೂಮಿನಿಯಂನಿಂದ ಮರೆವಿನ ಕಾಯಿಲೆ ಬರ್ತದೆ ಅಂತ ಇದರಲ್ಲಿ ಬರೆದಿದ್ದಾರೆ. ನಿಜವಾ?”

ಇಲ್ಲ, ಧೈರ್ಯವಾಗಿ ಹಾಕಿಸಿ. ಅಲ್ಯೂಮಿನಿಯಂಗೂ ಅಲ್ಝೈಮರ್ ಕಾಯಿಲೆಗೂ ನಂಟಿದೆ ಎಂಬ ಅನುಮಾನ 1960ರ ದಶಕದಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಹುಟ್ಟಿದ್ದು. ಇಷ್ಟು ವರ್ಷ ಹುಡುಕಿದರೂ ಕಾಯಿಲೆಗೆ ಅದೇ ಕಾರಣ ಎಂದು ತೋರಿಸಿಕೊಡಲು ಆಗಿಲ್ಲ. ಅದೂ ಮೈಯೊಳಗೆ ಸೇರುವ ಅಲ್ಯೂಮಿನಿಯಂ ಮಾತು. ಕಿಟಕಿಯ ಚೌಕಟ್ಟಿನ ಲೋಹ ಗಾಳಿಗೆ ತಾಗಿದ ಕೂಡಲೇ ತನ್ನ ಮೇಲೆ ತೆಳ್ಳನೆಯ ಆಕ್ಸೈಡ್ ಪದರವೊಂದನ್ನು ಹೊದ್ದುಕೊಳ್ಳುತ್ತದೆ, ಅದರ ಮೇಲೆ ಬಣ್ಣದ ಪೌಡರ್ ಕೋಟಿಂಗ್ ಬೇರೆ. ಅದು ಎದ್ದು ಬಂದು ನಿಮ್ಮ ತಲೆಗೆ ಹೋಗುವುದಿಲ್ಲ.

ಹೀಗೆ ಉತ್ತರ ಬರೆದು ಕಳಿಸಿದ ಮೇಲೆ ನನಗೇ ಸ್ವಲ್ಪ ಕಸಿವಿಸಿಯಾಯಿತು. ಕಿಟಕಿಯಿಂದ ಆರೋಗ್ಯ ಕೆಡುತ್ತದೆಯೇ ಎಂದು ನೇರವಾಗಿ ಕೇಳಿದ್ದರೆ, ಕೆಡಬಹುದು ಎನ್ನಬೇಕಿತ್ತು. ನೋಡಲು ಚಂದ, ದೊಡ್ಡ ಗಾಜು, ಕಡಿಮೆ ರೇಟು ಎಂದು ಕಣ್ಣುಮುಚ್ಚಿ ಆರಿಸಿದರೆ ಕೆಡುತ್ತದೆ. ಆ ತಪ್ಪನ್ನು ನಾನೇ ಮಾಡಿದ್ದೇನೆ, ನನ್ನ ಅಪ್ಪನ ಕೋಣೆಗೆ.

ಅಪ್ಪ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಬೊಂಬಾಯಿಗೆ ಬಂದು, ಫೋರ್ಟಿನ ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಡೊಂಬಿವಲಿಯಲ್ಲಿ ಒಂದು ರೂಮು-ಕಿಚನ್ ಮಾಡಿಕೊಂಡವರು. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಕಥೆಯೂ ಇದೇ ಇರಬಹುದು. ಮೂರು ವರ್ಷದ ಹಿಂದೆ ಅದೇ ಜಾಗದಲ್ಲಿ ಎದ್ದ ಹೊಸ ಕಟ್ಟಡದ ಏಳನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ ಸಿಕ್ಕಿತು. ಬಿಲ್ಡರ್ ಕೊಟ್ಟ ಕಿಟಕಿ ಚಿಕ್ಕದು, ಹಗುರದ್ದು. ನಾನು ಅದನ್ನು ತೆಗೆಸಿ ಗೋಡೆಯಿಂದ ಗೋಡೆಗೆ ಎರಡು ದೊಡ್ಡ ಗಾಜಿನ ಸ್ಲೈಡಿಂಗ್ ಹಾಕಿಸಿದೆ. ಒಂದೊಂದು ಕದವೂ ನಾಲ್ಕು ಅಡಿ ಅಗಲ, ಐದು ಅಡಿ ಎತ್ತರ, 8 ಎಂಎಂ ಗಾಜು. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದರು. ಅಮ್ಮ ಮಾತ್ರ, “ಎಳೆದ್ರೆ ಭಾರ ಆಗ್ತದೆ ಮಗಾ” ಎಂದಿದ್ದರು. ಅಭ್ಯಾಸವಾಗುತ್ತದೆ ಎಂದೆ.

ಗಾಜಿನ ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರಿಗೆ, ಒಂದು ಎಂಎಂ ದಪ್ಪಕ್ಕೆ ಎರಡೂವರೆ ಕಿಲೋ. ಅಪ್ಪನ ಕೋಣೆಯ ಒಂದು ಕದದ ಗಾಜೇ ಸುಮಾರು 37 ಕಿಲೋ. ಚೌಕಟ್ಟು ಬೇರೆ. ಹೊಸದರಲ್ಲಿ ರೋಲರ್ ಮೇಲೆ ಬೆಣ್ಣೆಯಂತೆ ಜಾರುತ್ತಿತ್ತು. ಎರಡು ಮಳೆಗಾಲದ ಕೆಸರು, ಪಕ್ಕದ ಸೈಟಿನ ಸಿಮೆಂಟ್ ಧೂಳು ಟ್ರ್ಯಾಕಿನಲ್ಲಿ ಕೂತ ಮೇಲೆ ಎರಡೂ ಕೈ ಹಾಕಿ ಕಾಲೂರಿ ಎಳೆಯಬೇಕಾಯಿತು. ಆಮೇಲೆ ಅವರು ಅದನ್ನು ತೆರೆಯುವುದನ್ನೇ ಬಿಟ್ಟರು. ಎಸಿ ಇತ್ತಲ್ಲ.

ಅಪ್ಪನಿಗೆ ಹಿಂದೊಮ್ಮೆ ಹಾರ್ಟ್ ಅಟ್ಯಾಕ್ ಆಗಿ ಹೃದಯದ ಪಂಪು ಕಮ್ಮಿಯಾಗಿದೆ. ಒಂದು ನವೆಂಬರ್ ರಾತ್ರಿ ಎರಡೂವರೆಗೆ ಉಸಿರು ಕಟ್ಟಿದಂತಾಗಿ ಎದ್ದರು. ಎದ್ದವರು ನೇರ ಕಿಟಕಿಗೆ ಹೋದರು. ಎಳೆದರು, ಬರಲಿಲ್ಲ. ಅಮ್ಮನೂ ಸೇರಿ ಎಳೆದರು, ಬರಲಿಲ್ಲ. ಕೊನೆಗೆ ಮುಂಬಾಗಿಲು ತೆರೆದು, ಲಿಫ್ಟಿನ ಎದುರು ಚಪ್ಪಲಿ ಸ್ಟ್ಯಾಂಡಿನ ಪಕ್ಕ ನೆಲದ ಮೇಲೆ ಕುಳಿತು ಗಾಳಿ ಎಳೆದುಕೊಳ್ಳುತ್ತಿದ್ದರಂತೆ. ನೀರು ಬಿಡಲು ಎದ್ದಿದ್ದ ಪಕ್ಕದ ಮನೆಯ ಮರಾಠಿ ಕಾಕು ನೋಡಿ ಆಂಬುಲೆನ್ಸಿಗೆ ಫೋನ್ ಮಾಡಿದರು, ಆಮೇಲೆ ನನಗೆ.

ನಮ್ಮ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಹಾರ್ಟ್ ಫೇಲ್ಯೂರ್ ಅಧ್ಯಾಯದಲ್ಲಿ ಬರುವ ಚಿತ್ರವೇ ಇದು: ರೋಗಿ ನಡುರಾತ್ರಿ ಉಸಿರು ಸಿಗದೆ ಎದ್ದು, ಕಿಟಕಿಯ ಬಳಿ ಹೋಗಿ ಗಾಳಿಗೆ ಮುಖ ಒಡ್ಡುತ್ತಾನೆ. ಪರೀಕ್ಷೆಗೆ ಬಾಯಿಪಾಠ ಮಾಡಿದ ಸಾಲು. ಕಿಟಕಿಯೇ ತೆರೆಯದಿದ್ದರೆ ಏನು ಎಂದು ಯಾವ ಪುಸ್ತಕವೂ ಬರೆದಿಲ್ಲ, ನಾನೂ ಯೋಚಿಸಿರಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಲಿ. ಅಪ್ಪನಿಗೆ ಶ್ವಾಸಕೋಶದಲ್ಲಿ ನೀರು ತುಂಬಿದ್ದು ಕಿಟಕಿಯಿಂದಲ್ಲ. ಎರಡು ದಿನ ಮದುವೆ ಊಟ, ಉಪ್ಪಿನಕಾಯಿ, ಹಪ್ಪಳ, ಮೇಲೆ ನೀರಿನ ಮಾತ್ರೆ ಮರೆತದ್ದು. ಕಿಟಕಿ ತೆರೆದಿದ್ದರೂ ಆಸ್ಪತ್ರೆಗೆ ಹೋಗಲೇಬೇಕಿತ್ತು. ನಿಮ್ಮ ಮನೆಯಲ್ಲಿ ಯಾರಾದರೂ ಮಲಗಿದ ಒಂದೆರಡು ಗಂಟೆಗೆ ಉಸಿರು ಕಟ್ಟಿ ಎದ್ದು ಕೂರುತ್ತಿದ್ದರೆ, ಎರಡು ಮೂರು ದಿಂಬು ಇಲ್ಲದೆ ಮಲಗಲು ಆಗದಿದ್ದರೆ, “ಗಾಳಿ ಸಾಲದು” ಎಂದು ಫ್ಯಾನ್ ಜೋರು ಮಾಡಿ ಸುಮ್ಮನಾಗಬೇಡಿ. ಕಾಲು ಇಳಿಬಿಟ್ಟು ಕೂರಿಸಿ, 108ಕ್ಕೆ ಫೋನ್ ಮಾಡಿ. ಆದರೆ ಆಂಬುಲೆನ್ಸ್ ಬರುವ ತನಕ ಮುಖಕ್ಕೆ ತಂಗಾಳಿ ಬಡಿದರೆ ಉಸಿರಾಟದ ಸಂಕಟ ನಿಜವಾಗಿಯೂ ಸ್ವಲ್ಪ ಇಳಿಯುತ್ತದೆ. ಕೆನ್ನೆ, ಮೂಗಿನ ನರಗಳಿಗೆ ಗಾಳಿ ತಾಗಿದಾಗ ಮೆದುಳಿಗೆ ಸಮಾಧಾನದ ಸಂದೇಶ ಹೋಗುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಫ್ಯಾನನ್ನು ಇದಕ್ಕೆಂದೇ ರೋಗಿಗಳಿಗೆ ಕೊಡುವುದುಂಟು.

ಹಾಗಾಗಿ ಕಿಟಕಿ ಆರಿಸುವಾಗ ನಾನು ಈಗ ಕೇಳುವ ಮೊದಲ ಪ್ರಶ್ನೆ ಬಣ್ಣದ್ದೂ ಅಲ್ಲ, ಬ್ರ್ಯಾಂಡಿನದ್ದೂ ಅಲ್ಲ. ಇದು ಎಷ್ಟು ತೆರೆಯುತ್ತದೆ, ಮನೆಯಲ್ಲಿ ಎಲ್ಲರಿಗಿಂತ ಬಲ ಕಡಿಮೆ ಇರುವವರು ರಾತ್ರಿ ಎರಡು ಗಂಟೆಗೆ ಒಂದೇ ಕೈಯಲ್ಲಿ ಇದನ್ನು ತೆರೆಯಬಲ್ಲರೇ?

ಎಷ್ಟು ತೆರೆಯುತ್ತದೆ ಎಂಬಲ್ಲಿ ನಮ್ಮಲ್ಲಿ ಹೆಚ್ಚಿನವರು ಮೋಸಹೋಗುತ್ತೇವೆ. ಹಳೆಯ ಚಾಳಿನ ಮರದ ಕಿಟಕಿ ನೆನಪಿದೆಯೇ? ಮೇಲೆ ಎರಡು ಕದ, ಕೆಳಗೆ ಎರಡು ಕದ, ನಡುವೆ ಕಬ್ಬಿಣದ ಸರಳು. ನಾಲ್ಕೂ ತೆರೆದರೆ ಇಡೀ ಕಿಟಕಿ ಗಾಳಿಯದ್ದು. ಬಾಗಿಲ ಮೇಲೆ ಒಂದು ವೆಂಟಿಲೇಟರ್ ಕೂಡ ಇರುತ್ತಿತ್ತು, ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗಲು. ಎರಡು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿಯಲ್ಲಿ ಒಂದು ಕದ ಇನ್ನೊಂದರ ಹಿಂದೆ ಜಾರುತ್ತದೆ. ಎಷ್ಟೇ ದೊಡ್ಡದಿರಲಿ, ಯಾವ ಕಾಲಕ್ಕೂ ಅರ್ಧವೇ ತೆರೆಯುವುದು. ಮೂರು ಟ್ರ್ಯಾಕ್ ಹಾಕಿ ಮೂರೂ ಗಾಜಿನ ಕದ ಇಟ್ಟರೆ ಮೂರರಲ್ಲಿ ಎರಡು ಪಾಲು ತೆರೆಯುತ್ತದೆ. ಆದರೆ ಮುಂಬಯಿಯಲ್ಲಿ ಮೂರು ಟ್ರ್ಯಾಕ್ ಎಂದರೆ ಸಾಮಾನ್ಯವಾಗಿ ಎರಡು ಗಾಜು, ಒಂದು ಸೊಳ್ಳೆ ಜಾಳಿ. ಅಂದರೆ ಮತ್ತೆ ಅರ್ಧವೇ. ಇನ್ನು ಕೆಳಗೆ ಒಂದಿಷ್ಟು, ಮೇಲೆ ಒಂದಿಷ್ಟು ಗಾಜನ್ನು ಚಂದಕ್ಕೆಂದು ಫಿಕ್ಸ್ ಮಾಡಿಸಿದರೆ ಅದೂ ಹೋಯಿತು.

ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ನಮ್ಮಂತಹ ಬಿಸಿ, ತೇವದ ಕರಾವಳಿ ಹವೆಯಲ್ಲಿ ಕೋಣೆಯ ನೆಲದ ಆರನೇ ಒಂದು ಪಾಲಿನಷ್ಟಾದರೂ ಗಾಳಿಗೆ ತೆರವು ಬೇಕು. ಹತ್ತು ಹನ್ನೆರಡು ಅಡಿಯ ಬೆಡ್‌ರೂಮು 120 ಚದರ ಅಡಿ. ಆರನೇ ಒಂದು ಎಂದರೆ 20. ಐದು ಅಡಿ ನಾಲ್ಕು ಅಡಿಯ ಕಿಟಕಿ ಹಾಕಿ 20 ಆಯಿತು ಎಂದುಕೊಂಡರೆ, ಎರಡು ಟ್ರ್ಯಾಕಿನಲ್ಲಿ ಗಾಳಿಗೆ ಸಿಗುವುದು 10 ಮಾತ್ರ.

ಗಾಳಿಯ ಕೊರತೆ ಏನು ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಊರಿನಲ್ಲೇ ಇದೆ. ಗೋವಂಡಿ, ಮಾನ್‌ಖುರ್ದ್ ಕಡೆಯ ಲಲ್ಲುಭಾಯಿ ಕಂಪೌಂಡ್, ನಟ್ವರ್ ಪಾರೇಖ್ ಕಂಪೌಂಡ್ ಎಂಬ ಪುನರ್ವಸತಿ ಕಟ್ಟಡಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಟ್ಟಡಗಳ ನಡುವೆ ಮೂರು ಮೀಟರ್ ಅಂತರವೂ ಸರಿಯಾಗಿಲ್ಲದ ಕಡೆ, ಬೆಳಕು ಗಾಳಿ ಕಡಿಮೆ ಇರುವ ಕೆಳಗಿನ ಮಹಡಿಗಳಲ್ಲಿ ಕ್ಷಯರೋಗ ಹೆಚ್ಚು ಕಂಡಿತು. ನಮ್ಮ ಟವರುಗಳು ಹಾಗಿಲ್ಲ, ಸರಿ. ಆದರೆ ನಾವೇ ಗಾಜು ಮುಚ್ಚಿ, ಎಸಿ ಹಾಕಿ, ನಾಲ್ಕು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಮನೆಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಕೋಣೆಯೊಳಗಿನ ಅದೇ ಗಾಳಿಯನ್ನು ತಂಪು ಮಾಡಿ ಸುತ್ತಿಸುತ್ತದೆ. ಇದನ್ನು ಹೇಳಿದಾಗ ನನ್ನ ಹತ್ತು ರೋಗಿಗಳಲ್ಲಿ ಒಂಬತ್ತು ಜನ ನಂಬುವುದಿಲ್ಲ. ಬೆಳಿಗ್ಗೆ ಎದ್ದಾಗ ತಲೆ ಭಾರ, ಒಬ್ಬರಿಗೆ ನೆಗಡಿಯಾದರೆ ನಾಲ್ಕೂ ಜನಕ್ಕೆ ನೆಗಡಿ: ಅರ್ಧ ಕಾರಣ ಅಲ್ಲೇ ಇರುತ್ತದೆ.

ಹಾಗಾದರೆ ಸ್ಲೈಡಿಂಗ್ ಬೇಡವೇ? ಹಾಗೇನಿಲ್ಲ. ಮುಂಬಯಿಯಲ್ಲಿ ಹೊರಗೆ ಗ್ರಿಲ್, ಒಳಗೆ ಪರದೆ, ಮಂಚಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ. ಹೊರಕ್ಕೆ ತೆರೆಯುವ ಕದ ಗ್ರಿಲ್ಲಿಗೆ ತಾಗುತ್ತದೆ, ಒಳಕ್ಕೆ ತೆರೆದರೆ ಕಪಾಟಿಗೆ ತಾಗುತ್ತದೆ. ಸ್ಲೈಡಿಂಗ್ ಬಂದದ್ದೇ ಈ ಇಕ್ಕಟ್ಟಿನಿಂದ. ನನ್ನ ಸಲಹೆ ಇಷ್ಟು: ಇಡೀ ಗೋಡೆಯನ್ನು ಸ್ಲೈಡಿಂಗ್ ಮಾಡಿಸಬೇಡಿ, ಒಂದು ಪಕ್ಕದಲ್ಲಿ ಒಂದೂವರೆ ಎರಡು ಅಡಿಯ ಒಂದು ಕದವಾದರೂ ಬಾಗಿಲಿನಂತೆ ತಿಜಾಗರಿಯ ಮೇಲೆ ಪೂರ್ತಿ ತೆರೆಯುವಂತಿರಲಿ. ಕೋಣೆಯ ಎದುರು ಗೋಡೆಯಲ್ಲಿ ಅಥವಾ ಬಾಗಿಲ ಮೇಲೆ ಗಾಳಿ ಹೊರಗೆ ಹೋಗಲು ಇನ್ನೊಂದು ದಾರಿ ಇರಲಿ. ಒಂದೇ ಕಡೆ ತೂತು ಇರುವ ಡಬ್ಬಿಯೊಳಗೆ ಗಾಳಿ ಆಡುವುದಿಲ್ಲ.

ಇನ್ನು ಶಬ್ದ. ಇದು ನನ್ನ ಇಲಾಖೆಯ ವಿಷಯ, ಸ್ವಲ್ಪ ಹೆಚ್ಚು ಹೇಳುತ್ತೇನೆ.

ಮುಲುಂಡಿನಲ್ಲಿ ಒಬ್ಬ ಹೋಟೆಲ್ ಮಾಲಕರು, ವಯಸ್ಸು 58. ಮೂರು ಬಿಪಿ ಮಾತ್ರೆ ನುಂಗಿದರೂ ಬಿಪಿ ಇಳಿಯುತ್ತಿರಲಿಲ್ಲ. 24 ಗಂಟೆ ಬಿಪಿ ಅಳೆಯುವ ಪಟ್ಟಿ ಕಟ್ಟಿ ನೋಡಿದೆ. ಆರೋಗ್ಯವಂತರಲ್ಲಿ ನಿದ್ದೆಯ ಹೊತ್ತು ಬಿಪಿ ಹಗಲಿಗಿಂತ ಶೇಕಡಾ 10ರಿಂದ 20ರಷ್ಟು ಇಳಿಯಬೇಕು. ಅವರದ್ದು ಇಳಿಯುತ್ತಲೇ ಇರಲಿಲ್ಲ. ಹೀಗೆ ರಾತ್ರಿ ಬಿಪಿ ಇಳಿಯದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಗೊರಕೆಯ ಕಾಯಿಲೆ ಇದೆಯೇ ಎಂದು ಪರೀಕ್ಷೆ ಮಾಡಿಸಿದೆ, ಇರಲಿಲ್ಲ. ಮನೆ ಎಲ್ಲಿ ಎಂದು ಕೇಳಿದೆ. ಹೈವೇಗೆ ಮುಖ ಮಾಡಿದ ಮೂರನೇ ಮಹಡಿ. ರಾತ್ರಿಯೆಲ್ಲ ಟ್ರಕ್ಕು. “ಅಭ್ಯಾಸ ಆಗಿದೆ ಡಾಕ್ಟ್ರೇ, ಎಚ್ಚರ ಆಗುವುದೇ ಇಲ್ಲ” ಎಂದರು.

ನಿಮಗೆ ಅಭ್ಯಾಸವಾಗುತ್ತದೆ, ರಕ್ತನಾಳಕ್ಕೆ ಆಗುವುದಿಲ್ಲ. ಯುರೋಪಿನ ನಾಲ್ಕು ವಿಮಾನ ನಿಲ್ದಾಣಗಳ ಸುತ್ತ ವಾಸಿಸುವವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗಿದವರು ಎಚ್ಚರಗೊಳ್ಳದಿದ್ದರೂ ವಿಮಾನ ಹಾರಿದಾಗಲೆಲ್ಲ ಮೇಲಿನ ಬಿಪಿ ಸುಮಾರು ಆರು ಅಂಕಿ ಏರುತ್ತಿತ್ತು. 2013ರಲ್ಲಿ ಜರ್ಮನಿಯ ಮೈಂಝ್ ನಗರದ ವೈದ್ಯರು ಆರೋಗ್ಯವಂತ ಯುವಜನರಿಗೆ ರಾತ್ರಿ ವಿಮಾನದ ಸದ್ದಿನ ರೆಕಾರ್ಡಿಂಗ್ ಕೇಳಿಸಿ, ಬೆಳಿಗ್ಗೆ ರಕ್ತನಾಳ ಹಿಗ್ಗುವ ಶಕ್ತಿ ಕುಗ್ಗಿದ್ದನ್ನು ತೋರಿಸಿದರು. ಕಲೀನಾ, ಕುರ್ಲಾ, ವಿಲೇಪಾರ್ಲೆಯಲ್ಲಿರುವ ನಮ್ಮವರಿಗೆ ಇದು ದೂರದ ಸುದ್ದಿಯಲ್ಲ. ಭಾರತದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್ ಮಿತಿ. ಹೈವೇ ಪಕ್ಕದ ಮನೆಯಲ್ಲಿ ಅಷ್ಟು ಕಡಿಮೆ ನಾನಂತೂ ಅಳೆದಿಲ್ಲ.

ಅವರಿಗೆ ಮೊದಲು ಖರ್ಚಿಲ್ಲದ ಉಪಾಯ ಹೇಳಿದೆ. ಎರಡು ವಾರ ಹಿಂಬದಿಯ ಕೋಣೆಯಲ್ಲಿ, ಮಗನ ಮಂಚದಲ್ಲಿ ಮಲಗಿ ಎಂದೆ. ಮತ್ತೆ ಪಟ್ಟಿ ಕಟ್ಟಿ ನೋಡಿದಾಗ ರಾತ್ರಿಯ ಬಿಪಿ ಇಳಿಯಲು ಶುರುವಾಗಿತ್ತು. ಆಮೇಲೆ ಮುಂದಿನ ಕೋಣೆಯ ಕಿಟಕಿ ಬದಲಿಸಿದರು. ಈಗ ಮಾತ್ರೆ ಮೂರರಿಂದ ಎರಡಾಗಿದೆ, ನಿಂತಿಲ್ಲ. ಒಬ್ಬರ ಕಥೆಯಿಂದ ಏನೂ ಸಾಬೀತಾಗುವುದಿಲ್ಲ, ಅವರು ಅದೇ ಸಮಯದಲ್ಲಿ ಉಪ್ಪನ್ನೂ ಕಡಿಮೆ ಮಾಡಿದ್ದರು. ಆದರೆ ಕಿಟಕಿಗೆ ಹಣ ಹಾಕುವ ಮುನ್ನ ಬೇರೆ ಕೋಣೆಯಲ್ಲಿ ಎರಡು ವಾರ ಮಲಗಿ ನೋಡುವ ಉಪಾಯವನ್ನು ನೀವೂ ಮಾಡಬಹುದು. ಯಾರೂ ಮಾತ್ರೆಯನ್ನು ತಾವಾಗಿ ಬಿಡಬೇಡಿ.

ಶಬ್ದ ತಡೆಯುವುದು ಎಂದರೆ ದಪ್ಪ ಗಾಜು ಎಂದು ಎಲ್ಲರೂ ತಿಳಿಯುತ್ತಾರೆ. ಗಾಜಿಗಿಂತ ಮೊದಲು ನೋಡಬೇಕಾದ್ದು ಸಂದು. ಕಿಟಕಿಯ ನೂರರಲ್ಲಿ ಒಂದು ಪಾಲು ಸಂದಿದ್ದರೂ ಸಾಕು, ಗಾಜು ಎಂಥದ್ದೇ ಇರಲಿ, 20 ಡೆಸಿಬೆಲ್‌ಗಿಂತ ಹೆಚ್ಚು ಶಬ್ದ ತಡೆಯಲು ಆಗುವುದಿಲ್ಲ. ಸ್ಲೈಡಿಂಗ್ ಕದದ ಅಂಚಿಗೆ ಇರುವುದು ಬ್ರಷ್ಷಿನಂತಹ ಉಣ್ಣೆಯ ಪಟ್ಟಿ. ಜಾರಬೇಕಾದ್ದರಿಂದ ಅದು ಬಿಗಿಯಾಗಿರಲು ಸಾಧ್ಯವಿಲ್ಲ, ಎರಡು ಮೂರು ವರ್ಷಕ್ಕೆ ಸವೆದೂ ಹೋಗುತ್ತದೆ. ಬಾಗಿಲಿನಂತೆ ತೆರೆಯುವ ಕದದಲ್ಲಿ ಸುತ್ತಲೂ ರಬ್ಬರ್ ಗ್ಯಾಸ್ಕೆಟ್ ಇದ್ದು, ಹಿಡಿಕೆ ತಿರುಗಿಸಿದಾಗ ಎರಡು ಮೂರು ಕಡೆ ಲಾಕ್ ಆಗಿ ಒತ್ತಿ ಕೂರುತ್ತದೆ. ಹೈವೇ, ರೈಲ್ವೆ ಹಳಿ, ವಿಮಾನದ ದಾರಿಗೆ ಮುಖ ಮಾಡಿದ ಬೆಡ್‌ರೂಮಿಗೆ ಅದೇ ಮೇಲು. ಸ್ಲೈಡಿಂಗನ್ನು ಹಾಲಿಗೆ, ಬಾಲ್ಕನಿಗೆ ಇಟ್ಟುಕೊಳ್ಳಿ. ಗಾಜಿನಲ್ಲಿ, ನಡುವೆ ಅಂಟಿನ ಹಾಳೆ ಇರುವ ಲ್ಯಾಮಿನೇಟೆಡ್ ಗಾಜು ಟ್ರಾಫಿಕ್ಕಿನ ಗುಂಯ್‌ಗುಡುವಿಕೆಗೆ ಒಳ್ಳೆಯದು. ಒಂದೇ ದಪ್ಪದ ಎರಡು ತೆಳು ಗಾಜಿನ ನಡುವೆ ಸಣ್ಣ ಗಾಳಿ ಪದರವಿರುವ ಡಬಲ್ ಗ್ಲಾಸು ಬಿಸಿಲಿಗೆ, ಎಸಿ ಬಿಲ್ಲಿಗೆ ಸಹಾಯ. ಟ್ರಕ್ಕಿನ ಸದ್ದಿಗೆ, ಅದಕ್ಕೆ ಕೊಟ್ಟ ಬೆಲೆಯಷ್ಟು ಫಲವಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕನ್ನು ಸಿಲಿಕಾನ್ ಹಾಕಿ ಮುಚ್ಚಿದ್ದಾರೆಯೇ, ಅದನ್ನೂ ನೋಡಿ. ಫ್ಯಾಬ್ರಿಕೇಟರ್ ಅವಸರ ಮಾಡುವುದೇ ಅಲ್ಲಿ.

ಬಿಗಿಯಾಗಿ ಮುಚ್ಚುವ ಕಿಟಕಿ ಬಂದ ಮೇಲೆ ತೆರೆಯುವ ಹೊತ್ತನ್ನು ನೀವೇ ಆರಿಸಬೇಕು. ನವೆಂಬರಿನಿಂದ ಫೆಬ್ರುವರಿ ತನಕ ಮುಂಬಯಿಯಲ್ಲಿ ನಸುಕಿಗೂ ಸಂಜೆಗೂ ಧೂಳು ಹೊಗೆ ಕೆಳಗೇ ನಿಂತಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮೇಲೇರುತ್ತದೆ, ಕಡಲ ಗಾಳಿಯೂ ಬೀಸುತ್ತದೆ. ಆ ಕಾಲದಲ್ಲಿ ಹಗಲು ಹನ್ನೆರಡರಿಂದ ನಾಲ್ಕರವರೆಗೆ ತೆರೆದಿಡಿ. ನಮ್ಮವರು ಬೆಳಿಗ್ಗೆ ಐದಕ್ಕೆ ದೇವರ ದೀಪದ ಹೊತ್ತಿಗೆ ಎಲ್ಲ ಕಿಟಕಿ ತೆರೆಯುತ್ತಾರೆ. ಊರಿನಲ್ಲಿ ಅದು ಸರಿ, ಚೆಂಬೂರಿನ ಜನವರಿಯಲ್ಲಿ ಅಲ್ಲ. ಪಿಎಂ 2.5 ಎನ್ನುವ ಸೂಕ್ಷ್ಮ ಧೂಳು ಶ್ವಾಸಕೋಶ ದಾಟಿ ರಕ್ತನಾಳಕ್ಕೆ ತೊಂದರೆ ಕೊಟ್ಟು ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2004ರಲ್ಲೇ ಹೇಳಿ, 2010ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿತು. ಪಕ್ಕದಲ್ಲಿ ಕಟ್ಟಡ ಕೆಡವುತ್ತಿದ್ದರೆ ಆ ದಿಕ್ಕಿನ ಕಿಟಕಿ ಮುಚ್ಚಿ, ಇನ್ನೊಂದು ದಿಕ್ಕಿನದ್ದು ತೆರೆಯಿರಿ. ಆದರೆ ಒಗ್ಗರಣೆ, ಹುರಿಯುವ ಹೊತ್ತು ಅಡುಗೆಮನೆಯ ಕಿಟಕಿ ಯಾವ ಕಾಲದಲ್ಲೂ ತೆರೆದೇ ಇರಲಿ. ಆ ಹೊಗೆ ಹೊರಗಿನದ್ದಕ್ಕಿಂತ ಸೌಮ್ಯವಲ್ಲ.

ಸೊಳ್ಳೆ ಜಾಳಿಯಲ್ಲಿ ಕಂಜೂಸಿ ಮಾಡಬೇಡಿ. ಜಾಳಿ ಇಲ್ಲದ ಮನೆಯಲ್ಲಿ ಸಂಜೆ ಕಿಟಕಿ ಮುಚ್ಚಿ ಸೊಳ್ಳೆ ಬತ್ತಿ ಹಚ್ಚುತ್ತಾರೆ. ಒಂದು ಸೊಳ್ಳೆ ಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸೂಕ್ಷ್ಮ ಧೂಳು 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನವೊಂದು ಅಳೆದಿದೆ. ಬಿಡಿ ಸಿಗರೇಟು ಮುಟ್ಟದ ಅಮ್ಮಂದಿರ ಕೋಣೆಯಲ್ಲಿ ಇಷ್ಟು! ಜಾಳಿ ಇದ್ದರೆ ಡೆಂಗಿ, ಮಲೇರಿಯಾ ಜೊತೆಗೆ ಈ ಹೊಗೆಯೂ ತಪ್ಪುತ್ತದೆ. ಪಾರಿವಾಳಕ್ಕೂ ಅದೇ ಮದ್ದು. ಅವುಗಳ ಹಿಕ್ಕೆ, ಪುಕ್ಕದ ಧೂಳಿನಿಂದ ಕೆಲವರ ಶ್ವಾಸಕೋಶ ಶಾಶ್ವತವಾಗಿ ಗಟ್ಟಿಯಾಗುತ್ತದೆ. 2025ರಲ್ಲಿ ದಾದರಿನ ಕಬೂತರ್‌ಖಾನಾ ಮುಚ್ಚಿದಾಗ ಆದ ಗಲಾಟೆ ನೀವೆಲ್ಲ ನೋಡಿದ್ದೀರಿ. ಆ ವಾದ ಇರಲಿ, ನಿಮ್ಮ ಎಸಿಯ ಹೊರಗಿನ ಡಬ್ಬಿಯ ಹಿಂದೆ ಗೂಡು ಕಟ್ಟಲು ಬಿಡಬೇಡಿ.

ಬಾತ್‌ರೂಮಿನ ಕಿಟಕಿಗೆ ಮಾತ್ರ ಗಾಜಿನ ಸ್ಲೈಡಿಂಗ್ ಹಾಕಿಸಬೇಡಿ, ಅದರಲ್ಲೂ ಒಳಗೆ ಗ್ಯಾಸ್ ಗೀಸರ್ ಇದ್ದರೆ. ಗಾಳಿ ಇಲ್ಲದೆ ಉರಿದ ಗ್ಯಾಸಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಬೀಳುತ್ತಾರೆ. ಮುಂಬಯಿಯಲ್ಲಿ ಹೀಗೆ ಸಾವುಗಳು ಆಗಿವೆ. ಹಳೆಯ ಅಡ್ಡಪಟ್ಟಿಯ ಗಾಜಿನ ಕಿಟಕಿಯೇ ಅಲ್ಲಿಗೆ ಸರಿ. ಗೀಸರನ್ನು ಹೊರಗೆ ಹಾಕಿಸಿದರೆ ಇನ್ನೂ ಸರಿ.

ಬಾಲ್ಕನಿಯ ಸ್ಲೈಡಿಂಗ್ ಬಾಗಿಲಿನ ಬಗ್ಗೆ ನನಗೆ ಒಂದೇ ಭಯ: ಕೆಳಗಿನ ಟ್ರ್ಯಾಕು. ನೆಲದಿಂದ ಒಂದೂವರೆ ಇಂಚು ಎದ್ದು ನಿಂತಿರುತ್ತದೆ. ನಮ್ಮ ಹೃದಯ ರೋಗಿಗಳಲ್ಲಿ ಎಷ್ಟೋ ಜನ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು. ಕತ್ತಲಲ್ಲಿ ಅದಕ್ಕೆ ಎಡವಿ ತಲೆಗೆ ಪೆಟ್ಟಾದರೆ ಸಣ್ಣ ಪೆಟ್ಟೂ ಒಳಗೆ ರಕ್ತಸ್ರಾವವಾಗಿ ದೊಡ್ಡದಾಗುತ್ತದೆ. ಟೈಲ್ಸ್ ಹಾಕುವ ಮುನ್ನವೇ ಹೇಳಿದರೆ ಟ್ರ್ಯಾಕನ್ನು ನೆಲದ ಮಟ್ಟಕ್ಕೆ ಹುದುಗಿಸಬಹುದು, ನಂತರ ಆಗುವುದಿಲ್ಲ. ಮಳೆ ನೀರು ಒಳಗೆ ಬರದಂತೆ ಬಾಲ್ಕನಿಯ ನೆಲಕ್ಕೆ ಹೊರಗಿನ ಇಳಿಜಾರು ಬೇಕು. ಪಾರದರ್ಶಕ ಗಾಜಿನ ಬಾಗಿಲಿಗೆ ಕಣ್ಣಿನ ಎತ್ತರದಲ್ಲಿ ಒಂದು ಸ್ಟಿಕ್ಕರ್ ಅಂಟಿಸಿ, ಮೊಮ್ಮಕ್ಕಳ ಕಣ್ಣಿನ ಎತ್ತರದಲ್ಲಿ ಇನ್ನೊಂದು. ಬಾಗಿಲಿಗೆ ಟಫನ್ಡ್ ಗಾಜು ಕಡ್ಡಾಯ. ಅದು ಒಡೆದರೆ ಕತ್ತಿಯಂತಹ ಚೂರಾಗದೆ ಹರಳು ಹರಳಾಗಿ ಉದುರುತ್ತದೆ. ಎತ್ತರದ ಮಹಡಿಯ ಕಿಟಕಿಗೆ ಲ್ಯಾಮಿನೇಟೆಡ್ ಇನ್ನೂ ಮೇಲು, ಒಡೆದರೂ ಚೌಕಟ್ಟಿನಲ್ಲೇ ಅಂಟಿಕೊಂಡಿರುತ್ತದೆ, ಕೆಳಗೆ ಹೋಗುವವರ ತಲೆ ಮೇಲೆ ಬೀಳುವುದಿಲ್ಲ.

ಮಕ್ಕಳಿರುವ ಮನೆಯಲ್ಲಿ ಗ್ರಿಲ್ ಬೇಡ ಎಂದು ಹಟ ಮಾಡುವ ಯುವಜೋಡಿಗಳಿಗೆ ನನ್ನ ಕಳಕಳಿ: ಸೊಳ್ಳೆ ಜಾಳಿ ಮಗುವನ್ನು ತಡೆಯುವುದಿಲ್ಲ. ಸೋಫಾ, ಶೂ ರ‍್ಯಾಕು ಏನೇ ಇರಲಿ, ಹತ್ತಿ ನಿಲ್ಲಬಹುದಾದದ್ದನ್ನು ಕಿಟಕಿ ಕೆಳಗೆ ಇಡಬೇಡಿ. ಗ್ರಿಲ್ ಹಾಕಿಸಿದರೆ ಅದರಲ್ಲಿ ಒಳಗಿನಿಂದ ತೆರೆಯುವ ಒಂದು ಬಾಗಿಲು ಇರಲಿ, ಬೆಂಕಿ ಬಿದ್ದಾಗ ಅಗ್ನಿಶಾಮಕದವರು ಅಲ್ಲಿಂದಲೇ ಇಳಿಸಬೇಕು. ಕೀ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ.

ಅಲ್ಯೂಮಿನಿಯಂ ವಿಷಯಕ್ಕೆ ಬಂದರೆ, ನಾನು ಲೋಹದ ತಜ್ಞನಲ್ಲ, ಎರಡು ಸಲ ದುಡ್ಡು ಕೊಟ್ಟು ಕಲಿತವನು. ಅಂಗಡಿಯಲ್ಲಿ ‘ಡೋಮಲ್’ ಎಂದು ಕರೆಯುವ ದಪ್ಪ ಸೆಕ್ಷನ್ ಭಾರದ ಗಾಜನ್ನು ತಡೆದುಕೊಳ್ಳುತ್ತದೆ, ಹಳೆಯ ತೆಳು ಸೆಕ್ಷನ್ ಬಾಗುತ್ತದೆ. ಬಾಗಿದರೆ ರೋಲರ್ ಸಿಕ್ಕಿಬೀಳುತ್ತದೆ. ಅಪ್ಪನ ಕಿಟಕಿಗೆ ಆದದ್ದು ಅದೇ, ಕೆಸರು ಅರ್ಧ, ಬಾಗಿದ್ದು ಅರ್ಧ. ವರ್ಲಿ, ವೆರ್ಸೋವಾ, ವಸಾಯಿಯಂತಹ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಮೊದಲು ಹೋಗುವುದು ಸ್ಕ್ರೂ. ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿ, ಸಾಧಾರಣ ಕಬ್ಬಿಣದ್ದು ತಾನೂ ತುಕ್ಕು ಹಿಡಿದು ಸುತ್ತಲಿನ ಅಲ್ಯೂಮಿನಿಯಂನ್ನೂ ತಿನ್ನುತ್ತದೆ. ಊರಿನಲ್ಲಿ, ಉಡುಪಿ ಕುಂದಾಪುರ ಕಡೆ ಹೊಸ ಮನೆ ಕಟ್ಟಿಸುತ್ತಿರುವವರಿಗೂ ಇದೇ ಮಾತು. ಅಲ್ಲಿ ಇಡೀ ವರ್ಷ ಇರುವುದು ಎಪ್ಪತ್ತು ದಾಟಿದ ಅಪ್ಪ ಅಮ್ಮ. ನೀವು ವರ್ಷಕ್ಕೆ ಹದಿನೈದು ದಿನ. ಕಿಟಕಿಯನ್ನು ಅವರ ಕೈಗೆ ತಕ್ಕಂತೆ ಮಾಡಿಸಿ.

ಅಪ್ಪನ ಕೋಣೆಗೆ ಕಳೆದ ವರ್ಷ ಮತ್ತೆ ಕೆಲಸ ಮಾಡಿಸಿದೆ. ನಾಲ್ಕು ಅಡಿಯ ಕದಗಳ ಬದಲು ಎರಡೂವರೆ ಅಡಿಯವು, 6 ಎಂಎಂ ಗಾಜು, ಮಂಚದ ಪಕ್ಕಕ್ಕೆ ಬಾಗಿಲಿನಂತೆ ತೆರೆಯುವ ಒಂದು ಕಿರಿದಾದ ಕದ. ಅದರ ಹಿಡಿಕೆ ಹಾಸಿಗೆ ಮೇಲೆ ಕುಳಿತರೆ ಕೈಗೆ ಸಿಗುವ ಎತ್ತರದಲ್ಲಿದೆ. ಹೊರಗೆ ಗಟ್ಟಿ ಗ್ರಿಲ್ ಇದೆ. ಈ ಸಲ ಫ್ಯಾಬ್ರಿಕೇಟರ್‌ಗೆ ಕೊನೆಯ ಕಂತು ಕೊಡುವ ಮುನ್ನ ಮೂರು ಪರೀಕ್ಷೆ ಮಾಡಿದೆ. ಕೆಳಗಿನ ಟ್ರ್ಯಾಕಿಗೆ ಒಂದು ಮಗ್ ನೀರು ಹುಯ್ದು, ತೂತುಗಳಿಂದ ಹೊರಗೇ ಹೋಗುತ್ತದೆಯೇ ನೋಡಿದೆ. ಕದ ಮುಚ್ಚಿ, ಅಂಚಿನ ಸುತ್ತ ಊದುಬತ್ತಿ ಹಿಡಿದು, ಹೊಗೆ ಎಲ್ಲಿ ಅಲುಗುತ್ತದೆ ಎಂದು ನೋಡಿದೆ. ಎರಡು ಕಡೆ ಅಲುಗಿತು, ಸಿಲಿಕಾನ್ ಹಾಕಿಸಿದೆ. ಆಮೇಲೆ ಅಮ್ಮನನ್ನು ಕರೆದು ಎಲ್ಲ ಕದವನ್ನೂ ಎಡಗೈಯಲ್ಲಿ ತೆರೆದು ಮುಚ್ಚಲು ಹೇಳಿದೆ. ಒಂದು ಸ್ವಲ್ಪ ಬಿಗಿ ಎಂದರು. ಫ್ಯಾಬ್ರಿಕೇಟರ್, “ಸಾಬ್, ಚಲ್ತೇ ಚಲ್ತೇ ಫ್ರೀ ಹೋ ಜಾಯೇಗಾ” ಎಂದ. ರೋಲರ್ ಬದಲಿಸಿದ ಮೇಲೆಯೇ ದುಡ್ಡು ಕೊಟ್ಟೆ.